ಗೋವಾ, ಮೈಸೂರು, ಬೆಂಗಳೂರು: ಪಿಯುಸಿ ಮುಗಿಸಿ ಮೂರೂ ಕಡೆ ದುಡಿದು ನೋಡಿದೆ

ಪಕ್ಕದ ಮನೆಯ ತಂಗಿ ಈ ವರ್ಷ ಸೆಕೆಂಡ್ ಪಿಯುಸಿ ಮುಗಿಸಿದಳು. ಮೊನ್ನೆ ಸಂಜೆ ನಮ್ಮ ಜಗಲಿ ಮೇಲೆ ಬಂದು ಕೂತು, "ಅಕ್ಕಾ, ರೈಡು, ವಾಟರ್ ಪಾರ್ಕಿನಂಥ ಕೆಲಸಕ್ಕೆ ಹೋಗ್ಬೇಕು ಅಂತ ಮಾಡಿದ್ದೇನೆ. ಗೋವಾ ಚಲೋನಾ, ಮೈಸೂರು ಚಲೋನಾ? ಇಲ್ಲ ಬೆಂಗಳೂರಿಗೇ ಹೋಗಿಬಿಡ್ಲಾ?" ಅಂತ ಕೇಳಿದಳು. ನಮ್ಮ ಕೇರಿಯಲ್ಲಿ ಮೂರೂ ಕಡೆ ದುಡಿದವಳು ನಾನೊಬ್ಬಳೇ. ಆವತ್ತು ಅವಳಿಗೆ ಹೇಳಿದ್ದು ಅರ್ಧ. ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಅಂಕೋಲಾ, ಕುಮಟಾ, ಕಾರವಾರದ ಕಡೆ ಇದೇ ಪ್ರಶ್ನೆ ಇಟ್ಟುಕೊಂಡು ಕೂತ ಮಕ್ಕಳು ಇನ್ನೂ ಎಷ್ಟೋ ಇದ್ದಾರೆ.

ನಾನು ಪಿಯುಸಿ ಮುಗಿಸಿದ್ದು 2022ರಲ್ಲಿ. ಡಿಗ್ರಿ ಮಾಡುವ ಮನಸ್ಸಿತ್ತು. ಆದರೆ ಆ ವರ್ಷ ಅಪ್ಪನ ದೋಣಿಯ ಇಂಜಿನ್ ಕೆಟ್ಟು ಕೂತಿತ್ತು, ಮನೆಗೆ ದುಡ್ಡು ಬೇಕಿತ್ತು. ಅಕ್ಟೋಬರ್‌ನಿಂದ ಮುಂದಿನ ಮೇ ತನಕ ದಕ್ಷಿಣ ಗೋವಾದ ಒಂದು ಬೀಚಿನಲ್ಲಿ ವಾಟರ್ ಸ್ಪೋರ್ಟ್ಸ್ ಕೌಂಟರಿನಲ್ಲಿದ್ದೆ. 2023ರ ಅಕ್ಟೋಬರ್‌ನಿಂದ ಒಂದೂವರೆ ವರ್ಷ ಮೈಸೂರಿನಲ್ಲಿ, ವಾಟರ್ ಪಾರ್ಕಿನ ಲೈಫ್‌ಗಾರ್ಡ್. ಆಮೇಲೆ ಒಂದು ವರ್ಷ ಬೆಂಗಳೂರಿನ ಹೊರಗಿನ ಒಂದು ಪಾರ್ಕಿನಲ್ಲಿ ರೈಡ್ ಆಪರೇಟರ್. ಯಾವ ಕಂಪನಿಯ ಹೆಸರನ್ನೂ ಬರೆಯುವುದಿಲ್ಲ. ಹೋಲಿಸಬೇಕಾದ್ದು ಕೆಲಸವನ್ನು, ಊರನ್ನು.

ಗೋವಾಕ್ಕೆ ಹೋಗುವುದು ನಮ್ಮ ಕಡೆಯವರಿಗೆ ಊರು ಬಿಟ್ಟ ಹಾಗೇ ಅನಿಸುವುದಿಲ್ಲ. ಕಾಳಿ ನದಿಯ ಸೇತುವೆ ದಾಟಿ, ಗಡಿಯ ಮಾಜಾಳಿ ದಾಟಿದರೆ ಆಯಿತು. ಅದೇ ಕೊಂಕಣಿ, ಅದೇ ಮೀನು ಸಾರು ಅನ್ನ, ಅದೇ ಕಡಲು. ರಜೆ ಸಿಕ್ಕಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡಬಹುದು. ನನ್ನ ಕೆಲಸ ಬನಾನಾ ರೈಡ್, ಪ್ಯಾರಾಸೇಲಿಂಗ್, ಜೆಟ್ ಸ್ಕೀ ಟಿಕೆಟ್ ಕೊಡುವುದು ಮತ್ತು ಬಂದವರಿಗೆ ಲೈಫ್ ಜಾಕೆಟ್ ಕಟ್ಟುವುದು. ಉಪ್ಪು ನೀರು ಒಣಗಿ ಜಾಕೆಟ್ಟಿನ ಕ್ಲಿಪ್ಪುಗಳೆಲ್ಲ ಬಿಗಿಯಾಗಿರುತ್ತಿದ್ದವು. ದಿನಕ್ಕೆ ನೂರಾರು ಸಲ ಅವನ್ನು ಒತ್ತಿ ಬಿಡಿಸಿ ಸಂಜೆ ಹೊತ್ತಿಗೆ ಹೆಬ್ಬೆರಳಿನ ತುದಿ ಸೀಳಿರುತ್ತಿತ್ತು. ಅದರಲ್ಲೇ ಸಾರು ಅನ್ನ ಕಲಸಬೇಕು. ಉರಿ ಅಂದರೆ ಆ ಉರಿ.

ಹಿಂದಿ ಮಾತಾಡಲು ಕಲಿತದ್ದು ಅಲ್ಲೇ. ಕೋಪ ಮಾಡಿಕೊಂಡು ಬಂದ ಗಿರಾಕಿಯನ್ನು ಸಮಾಧಾನ ಮಾಡುವುದನ್ನು ಕಲಿತದ್ದೂ ಅಲ್ಲೇ. ಇವೆರಡೂ ಆಮೇಲೆ ಎಲ್ಲ ಕಡೆ ಕೈಹಿಡಿದವು. ಆದರೆ ಅಪಾಯಿಂಟ್‌ಮೆಂಟ್ ಲೆಟರ್ ಇಲ್ಲ, ಪಿಎಫ್ (ಭವಿಷ್ಯ ನಿಧಿ) ಇಲ್ಲ, ಸಂಬಳ ಕೈಗೆ ನಗದು. ಮಳೆಗಾಲ ಬಂತು ಅಂದರೆ ಕಡಲಿಗೆ ಯಾರನ್ನೂ ಇಳಿಸುವ ಹಾಗಿಲ್ಲ, ಕೆಲಸವೂ ನಿಂತಿತು. ನನ್ನ ಮೇ ತಿಂಗಳ ಸಂಬಳ ಕೈಗೆ ಬಂದದ್ದು ಆಗಸ್ಟಿನಲ್ಲಿ. ಅದೂ ಅಪ್ಪ ವಾರಕ್ಕೆರಡು ಸಲ ಗುತ್ತಿಗೆದಾರನಿಗೆ ಫೋನ್ ಮಾಡಿದ ಮೇಲೆ. ನಮ್ಮಲ್ಲಿ ಜೂನ್, ಜುಲೈ ಮೀನುಗಾರಿಕೆಗೂ ನಿಷೇಧ ಅಲ್ವಾ. ಅಪ್ಪನಿಗೂ ದುಡಿಮೆ ಇಲ್ಲ, ನನಗೂ ಇಲ್ಲ. ಗೋವಾದಲ್ಲಿ ಕೂಡಿಟ್ಟದ್ದರಲ್ಲಿ ಅರ್ಧದ ಮೇಲೆ ಮಳೆಗಾಲದ ಆ ನಾಲ್ಕು ತಿಂಗಳಲ್ಲಿ ಅಕ್ಕಿ, ಕರೆಂಟ್ ಬಿಲ್ಲು ಅಂತ ಕರಗಿಹೋಯಿತು. ನಮ್ಮಂಥ ಮನೆಗೆ ಗೋವಾದ ದೊಡ್ಡ ತೊಂದರೆ ಇದೇ. ಅಪ್ಪನ ದುಡಿಮೆ ನಿಲ್ಲುವ ಹೊತ್ತಿಗೇ ಮಗಳದ್ದೂ ನಿಲ್ಲುತ್ತದೆ.

ಮೈಸೂರಿಗೆ ಹೋಗಿದ್ದು ಲಾಕರ್ ಕೌಂಟರಿನ ಕೆಲಸಕ್ಕೆ. ದಸರಾ ರಜೆಯ ಸಮಯ, ಜನ ಅಂದರೆ ಜನ. ಮೊದಲ ದಿನವೇ ಸೂಪರ್‌ವೈಸರ್ ಕೇಳಿದರು. "ಸಮುದ್ರದ ಊರಿನವಳು ಅಂತೀಯ, ಈಜು ಚೆನ್ನಾಗಿ ಬರ್ಬೇಕಲ್ವಾ?" ಬರಲ್ಲ ಸರ್ ಅಂದೆ. ಅವರಿಗೆ ನಂಬಿಕೆಯೇ ಬರಲಿಲ್ಲ. ಕರಾವಳಿಯ ಎಷ್ಟೋ ಹೆಣ್ಣುಮಕ್ಕಳ ಕಥೆ ಇದೇ. ನಮ್ಮ ಕೇರಿಯ ಹುಡುಗರು ಆರನೇ ವರ್ಷಕ್ಕೇ ದೋಣಿಯಿಂದ ಹಾರುತ್ತಾರೆ. ನಾವು ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ಮೀನಿನ ಬುಟ್ಟಿ ಹಿಡಿಯುತ್ತೇವೆ. ನನಗೆ ಯಾರೂ ಕಲಿಸಿರಲಿಲ್ಲ, ಅಷ್ಟೇ.

ಅಲ್ಲಿ ಹೆಣ್ಣು ಲೈಫ್‌ಗಾರ್ಡುಗಳು ಸಾಲುತ್ತಿರಲಿಲ್ಲ. ನೀರಿನಲ್ಲಿ ಹೆಂಗಸರಿಗೆ ಏನಾದರೂ ಆದರೆ ಗಂಡಸರು ಹಿಡಿದೆತ್ತುವುದಕ್ಕೆ ಮನೆಯವರೇ ಹಿಂದೆ ಮುಂದೆ ನೋಡುತ್ತಾರೆ. ಹಾಗಾಗಿ ಕಲಿಯುತ್ತೀಯಾ ಅಂತ ಕೇಳಿದರು. ಬೆಳಗ್ಗೆ 7ರಿಂದ 9 ಗಂಟೆ, ಪಾರ್ಕ್ ತೆರೆಯುವ ಮೊದಲು ತರಬೇತಿ. ಕಲಿಸಿದ ಮೇಡಂ ಮೊದಲ ವಾರ ಕೈಕಾಲು ಬಡಿಯುವುದಕ್ಕೇ ಬಿಡಲಿಲ್ಲ. ಸುಮ್ನೆ ಅಂಗಾತ ಮಲಗಿ ತೇಲು ಅಂದರು. ನಾನು ಮುಳುಗುತ್ತಲೇ ಇದ್ದೆ. "ಕಡಲಿನ ಉಪ್ಪು ನೀರು ಸ್ವಲ್ಪ ಎತ್ತಿ ಹಿಡಿಯುತ್ತೆ. ಇದು ಹಿಡಿಯಲ್ಲ. ಎದೆ ತುಂಬ ಉಸಿರು ತುಂಬ್ಕೋ, ಕತ್ತು ಬಿಗಿ ಮಾಡ್ಬೇಡ" ಅಂದರು. ಒಂಬತ್ತನೇ ದಿನ ತೇಲಿದೆ. ಕಿವಿ ನೀರೊಳಗೆ, ಮೇಲೆ ಬರೀ ಆಕಾಶ. ಆ ಬೆಳಗು ನನಗೆ ಇವತ್ತಿಗೂ ಹಾಗೇ ನೆನಪಿದೆ.

ಈಜು ಬಂದ ಮೇಲೆ ಕಣ್ಣಿಗೆ ತರಬೇತಿ. ನನಗೆ ಹಂಚಿಕೊಟ್ಟ ನೀರನ್ನೆಲ್ಲ 10 ಸೆಕೆಂಡಿನೊಳಗೆ ನೋಡಿ ಮುಗಿಸಬೇಕು. ಯಾರಾದರೂ ಕಷ್ಟದಲ್ಲಿದ್ದರೆ ಮುಂದಿನ 20 ಸೆಕೆಂಡಿನೊಳಗೆ ಅವರ ಹತ್ತಿರ ಇರಬೇಕು. ಅರ್ಧ ಗಂಟೆಗೊಮ್ಮೆ ಕುರ್ಚಿ ಬದಲು. ಅದಕ್ಕಿಂತ ಹೆಚ್ಚು ಹೊತ್ತು ಒಂದೇ ನೀರು ನೋಡುತ್ತಿದ್ದರೆ ಕಣ್ಣು ತೆರೆದಿದ್ದರೂ ಏನೂ ಕಾಣುವುದಿಲ್ಲ. ನೀರಿನ ಪರೀಕ್ಷೆಯನ್ನೂ ಕಲಿಸಿದರು. ಸಣ್ಣ ಸೀಸೆಯಲ್ಲಿ ಪೂಲಿನ ನೀರು ತುಂಬಿ, ಎರಡು ಮೂರು ಹನಿ ಮದ್ದು ಹಾಕಿ, ಬಂದ ಬಣ್ಣವನ್ನು ಪಟ್ಟಿಯ ಜೊತೆ ಹಿಡಿದು ನೋಡುವುದು. ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು) ಒಳಗೆ, ನೀರಿನ ಹುಳಿ, ಕ್ಷಾರ ತಿಳಿಸುವ ಪಿಎಚ್ 7.2ರಿಂದ 7.8ರ ಒಳಗೆ ಇರಬೇಕು. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ ಪಿಎಚ್ ನನಗೆ ಅರ್ಥವಾದದ್ದು ಆ ಸೀಸೆ ಹಿಡಿದಾಗ.

ಒಂದು ಭಾನುವಾರ ವೇವ್ ಪೂಲಿನಲ್ಲಿ ತೆರೆ ಶುರುವಾಗುವ ಸೈರನ್ ಆಗಿ ಎರಡು ನಿಮಿಷ ಆಗಿರಬಹುದು. ಎಲ್ಲರೂ ಕೂಗುತ್ತಿದ್ದರು, ಕುಣಿಯುತ್ತಿದ್ದರು. ನಡುವೆ ಒಬ್ಬ ಸಣ್ಣ ಹುಡುಗ ಮಾತ್ರ ಸುಮ್ಮನಿದ್ದ. ಬಾಯಿ ನೀರಿನ ಮಟ್ಟಕ್ಕೆ, ತಲೆ ಹಿಂದಕ್ಕೆ, ಕೈ ಎರಡೂ ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿದ್ದ. ಮುಳುಗುವವರು ಕೂಗುವುದಿಲ್ಲ, ಉಸಿರಿಗೇ ಸಾಲದ ಬಾಯಿಗೆ ಕೂಗುವುದಕ್ಕೆ ಆಗುವುದಿಲ್ಲ ಅಂತ ಮೇಡಂ ನೂರು ಸಲ ಹೇಳಿದ್ದರು. ಉದ್ದ ಸೀಟಿ ಊದಿ ಹಾರಿದೆ. ಕೆಂಪು ಟ್ಯೂಬಿನ ಮೇಲೆ ಅವನ ಎದೆ ಒರಗಿಸಿ ದಡಕ್ಕೆ ತಂದೆ. ಕೆಮ್ಮಿದ, ವಾಂತಿ ಮಾಡಿದ, ಆಮೇಲೆ ಜೋರಾಗಿ ಅತ್ತ. ಅವನ ತಾಯಿ ನಾಲ್ಕು ಮಾರು ದೂರದಲ್ಲೇ ಇದ್ದರು, ಅವರಿಗೆ ಗೊತ್ತೇ ಆಗಿರಲಿಲ್ಲ. ನನ್ನ ಕೈ ನಡುಗುವುದು ನಿಲ್ಲಲು ಅರ್ಧ ಗಂಟೆ ಬೇಕಾಯಿತು. ಆವತ್ತಿನಿಂದ ಈ ಕೆಲಸದ ಮೇಲೆ ನನಗೆ ಬೇರೆಯೇ ಗೌರವ.

ಮೈಸೂರಿನಲ್ಲಿ ಸಂಬಳ ಮೂರರಲ್ಲೂ ಕಡಿಮೆ. ಚರ್ಮ ಒಣಗುತ್ತದೆ, ಕೂದಲು ಹುಲ್ಲಿನ ಹಾಗಾಗುತ್ತದೆ, ನನಗೆ ಎರಡು ಸಲ ಕಿವಿ ಸೋರಿತು. ಏಪ್ರಿಲ್, ಮೇ ತಿಂಗಳಲ್ಲಿ ರಜೆ ಕೇಳುವ ಹಾಗೇ ಇಲ್ಲ. ಹಾಗಾಗಿ ನಮ್ಮ ಬಂಡಿಹಬ್ಬ ತಪ್ಪಿತು. ಆಯಿ (ಅಮ್ಮ) ಫೋನಿನಲ್ಲಿ ಡೋಲಿನ ಸದ್ದು ಕೇಳಿಸಿದಳು. ಪಿಜಿ ಬಾತ್‌ರೂಮಿಗೆ ಹೋಗಿ ಅತ್ತು ಬಂದೆ. ಆದರೆ ಊರು ಹೆಣ್ಣುಮಕ್ಕಳಿಗೆ ಒಳ್ಳೆಯದು. ಪಾರ್ಕ್ ಸಂಜೆಯೇ ಮುಚ್ಚುತ್ತಿತ್ತು, ಏಳೂವರೆಗೆ ರೂಮಿನಲ್ಲಿರುತ್ತಿದ್ದೆ. ವಾರದ ರಜೆ ಮಂಗಳವಾರವೋ ಬುಧವಾರವೋ ಬರುತ್ತಿದ್ದರಿಂದ ಕಚೇರಿ ಕೆಲಸಗಳನ್ನು ಆರಾಮಾಗಿ ಮಾಡಿಕೊಳ್ಳಬಹುದಿತ್ತು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇರುವುದು ಮೈಸೂರಿನಲ್ಲೇ. ನಿಂತುಹೋಗಿದ್ದ ಡಿಗ್ರಿಗೆ ಅಲ್ಲಿ ಬಿಎ ಸೇರಿಕೊಂಡೆ.

ಬೆಂಗಳೂರಿನ ಕೆಲಸದ ಬಗ್ಗೆ ಹೇಳುವುದು ಕಡಿಮೆ. ಅಚ್ಚುಕಟ್ಟು ಅಂದರೆ ಅಲ್ಲಿಯದು. ಬೆಳಗ್ಗೆ ರೈಡನ್ನು ಖಾಲಿ ಓಡಿಸಿ ನೋಡಬೇಕು, ಪಟ್ಟಿಯಲ್ಲಿ ಒಂದೊಂದಕ್ಕೂ ಟಿಕ್ ಹಾಕಿ ಸಹಿ ಮಾಡಬೇಕು. ಜನ ಕೂತ ಮೇಲೆ ಪ್ರತಿ ಸೀಟಿನ ಲಾಕನ್ನೂ ಕೈಯಿಂದ ಎಳೆದು ನೋಡಬೇಕು. ಕಣ್ಣಿನಿಂದ ನೋಡಿದ್ದು ಲೆಕ್ಕಕ್ಕಿಲ್ಲ. ಆ ಕಡೆಯ ಆಪರೇಟರ್ ಹೆಬ್ಬೆರಳು ಎತ್ತಿ ತೋರಿಸಿದ ಮೇಲೆಯೇ ಬಟನ್. ನನ್ನ ರೈಡಿಗೆ ಎತ್ತರ 140 ಸೆಂ.ಮೀ. ಇರಬೇಕಿತ್ತು. 138 ಇದ್ದ ಮಗುವನ್ನು ತುದಿಗಾಲಿನಲ್ಲಿ ನಿಲ್ಲಿಸಿ ಜಗಳಕ್ಕೆ ಬರುವ ಅಪ್ಪಂದಿರು ದಿನವೂ ಇದ್ದರು. ಆ ಅಳತೆ ಲಾಕು ಮಗುವಿನ ಮೈಗೆ ಸರಿಯಾಗಿ ಕೂರುವುದಕ್ಕೆ ಇಟ್ಟದ್ದು. ಎರಡು ಸೆಂಟಿಮೀಟರ್ ತಾನೇ ಅಂತ ಬಿಡುವ ಹಾಗಿಲ್ಲ. ಬೈಸಿಕೊಂಡೆ, ಬಿಡಲಿಲ್ಲ.

ಆದರೆ ಮೂರು ತಿಂಗಳಿಗೆ ಕಲಿಯುವುದು ಮುಗಿಯಿತು. ರೈಡಿನ ಒಳಗಿನ ಮೋಟಾರು, ಬ್ರೇಕು, ಸೆನ್ಸರ್ ಎಲ್ಲ ಐಟಿಐ, ಡಿಪ್ಲೊಮಾ ಆದವರ ಪಾಲು. ಪಿಯುಸಿ ಆರ್ಟ್ಸ್ ಮಾಡಿದ ನನಗೆ ಅಲ್ಲಿಂದ ಮೇಲೆ ಏಣಿ ಕಾಣಲಿಲ್ಲ. ಐಟಿಐ ಆದವರಾದರೆ ನನ್ನ ಮಾತು ಬಿಡಿ, ನೇರ ಬೆಂಗಳೂರಿಗೇ ಹೋಗಿ.

ಇನ್ನು ದುಡ್ಡಿನ ವಿಷಯ. ಇವು ನನ್ನ ಸ್ವಂತ ಲೆಕ್ಕ, ನಿಮ್ಮದು ಬೇರೆ ಇರಬಹುದು. ಗೋವಾದಲ್ಲಿ ತಿಂಗಳಿಗೆ 14,000, ಟಿಪ್ಸ್ ಸುಮಾರು 2,000, ಊಟ ರೂಮು ಅವರದ್ದೇ. ಖರ್ಚು ಕಳೆದು 12,000 ಉಳಿಯುತ್ತಿತ್ತು. ಎಂಟು ತಿಂಗಳಿಗೆ 96,000. ಮೈಸೂರಿನಲ್ಲಿ 13,500. ಪಿಎಫ್, ಇಎಸ್‌ಐ (ನೌಕರರ ಆರೋಗ್ಯ ವಿಮೆ), ಊಟದ ಜೊತೆ ಪಿಜಿ ಎಲ್ಲ ಹೋಗಿ 5,500 ಉಳಿಯುತ್ತಿತ್ತು, ವರ್ಷಕ್ಕೆ 66,000. ಬೆಂಗಳೂರಿನಲ್ಲಿ 17,500. ಕೇಳುವುದಕ್ಕೆ ದೊಡ್ಡದು, ಆದರೆ ಪಿಜಿಗೇ 7,000 ಹೋಗಿ ಉಳಿದದ್ದು 6,800.

ಮೇಲಿಂದ ನೋಡಿದರೆ ಗೋವಾ ಗೆದ್ದ ಹಾಗೆ ಕಾಣುತ್ತದೆ. ಆದರೆ ಪಿಎಫ್ ಸೇರಿಸಿ ನೋಡಿ. ಮೈಸೂರಿನಲ್ಲಿ ನನ್ನ ಬೇಸಿಕ್ (ಮೂಲ ಸಂಬಳ) 10,000 ಇತ್ತು. ಅದರಲ್ಲಿ ನನ್ನದು ಶೇ. 12, ಕಂಪನಿಯ ಶೇ. 12ರಲ್ಲಿ ಪಿಂಚಣಿಗೆ ಹೋಗಿ ಉಳಿದ ಶೇ. 3.67. ತಿಂಗಳಿಗೆ 1,567 ರೂಪಾಯಿ, ವರ್ಷಕ್ಕೆ 18,804, ಬಡ್ಡಿ ಬೇರೆ. ಅಲ್ಲಿಗೆ ಮೈಸೂರಿನದ್ದು 84,804 ಆಯಿತು. ಗೋವಾದ 96,000ದಲ್ಲಿ ಮಳೆಗಾಲ ತಿಂದದ್ದನ್ನು ಕಳೆದರೆ ಯಾವುದು ಜಾಸ್ತಿ ಅಂತ ನೀವೇ ನೋಡಿ. ಇಎಸ್‌ಐ ಕೂಡ ಸಣ್ಣ ವಿಷಯ ಅಲ್ಲ. ಸಂಬಳ 21,000ದ ಒಳಗಿದ್ದರೆ ನಮ್ಮ ಪಾಲು ಶೇ. 0.75 ಮಾತ್ರ. ಬೆಂಗಳೂರಿನಲ್ಲಿ ನನಗೆ ಡೆಂಗ್ಯೂ ಬಂದು ಹದಿನೈದು ದಿನ ಮಲಗಿದ್ದೆ. ಆಸ್ಪತ್ರೆಗೆ ಕೈಯಿಂದ ಖರ್ಚಾಗಲಿಲ್ಲ, ರಜೆಯ ದಿನಗಳಿಗೆ ಕೂಲಿಯ ಶೇ. 70 ಬಂತು. ಗೋವಾದಲ್ಲಿ ಅದೇ ಜ್ವರ ಬಂದಿದ್ದರೆ ಅಪ್ಪ ಸಾಲ ಮಾಡಬೇಕಿತ್ತು.

ಊರಿಗೆ ಬಂದು ಹೋಗುವ ದಾರಿಯನ್ನೂ ಯೋಚಿಸಿ. ಬೆಂಗಳೂರಿನಿಂದ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಅಂಕೋಲಾ. ಇದರಲ್ಲಿ ಬೆಂಗಳೂರು ಮೈಸೂರಿಗಿಂತ ಮೇಲು. ಮೈಸೂರಿನಿಂದ ಮುರುಡೇಶ್ವರದ ರೈಲಿನಲ್ಲಿ ಬಂದು, ಇಳಿದು ಬಸ್ಸು ಹಿಡಿಯಬೇಕು. ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ರಾಜ್ಯದ ಒಳಗೆ ಸಾಮಾನ್ಯ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲ. ಗೋವಾಕ್ಕೆ ಆ ಲಾಭ ಇಲ್ಲ.

2024ರ ಮಳೆಗಾಲದಲ್ಲಿ ಮೂರು ದಾರಿಗಳೂ ಒಂದರ ಹಿಂದೆ ಒಂದು ಕೈಕೊಟ್ಟವು. ಜುಲೈ 16ಕ್ಕೆ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಜೀವಗಳು ಹೋದವು. ಆ ತಿಂಗಳ ಕೊನೆಗೆ ಸಕಲೇಶಪುರ ಘಾಟಿಯಲ್ಲಿ ಹಳಿಯ ಕೆಳಗಿನ ಮಣ್ಣು ಜಾರಿ ರೈಲು ನಿಂತಿತು. ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೆ ಸೇತುವೆಯೇ ಮುರಿದುಬಿತ್ತು. ಮೈಸೂರಿನ ಪಿಜಿಯಲ್ಲಿ ಕೂತು ಮನೆಗೆ ಫೋನ್ ಹಚ್ಚುವುದೊಂದೇ ಕೆಲಸವಾಗಿತ್ತು. ನಮ್ಮ ಮನೆಯಿಂದ ಶಿರೂರು ಎಷ್ಟು ದೂರ ಅಂತ ಜೊತೆಗಿದ್ದ ಹುಡುಗಿಯರು ಕೇಳಿದರೆ ಉತ್ತರ ಹೇಳಲೂ ಆಗುತ್ತಿರಲಿಲ್ಲ. ಮನೆಯಲ್ಲಿ ವಯಸ್ಸಾದವರು, ಕಾಯಿಲೆಯವರು ಇದ್ದರೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನನ್ನನ್ನು ಕೇಳಿದರೆ ಮೊದಲ ಕೆಲಸಕ್ಕೆ ಮೈಸೂರು, ಅದರಲ್ಲೂ ನೀರಿನ ಕೆಲಸ. ಈಜು, ಸಿಪಿಆರ್ (ನಿಂತ ಎದೆಬಡಿತಕ್ಕೆ ಎದೆ ಒತ್ತಿ ಉಸಿರು ಕೊಡುವುದು), ನೀರಿನ ಪರೀಕ್ಷೆ ಇವು ನನ್ನ ಜೊತೆಗೇ ಊರಿಗೆ ಬಂದವು. ಮುರುಡೇಶ್ವರ, ಗೋಕರ್ಣದ ಕಡೆ ಪೂಲ್ ಇರುವ ರೆಸಾರ್ಟುಗಳಿವೆ, ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆ ದೋಣಿಗಳು ಹೋಗುತ್ತವೆ. ಅಲ್ಲಿ ಕೆಲಸ ಕೇಳಲು ಹೋದಾಗ ನನ್ನ ಲೈಫ್‌ಗಾರ್ಡ್ ಸರ್ಟಿಫಿಕೇಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೆಂಗಳೂರಿನ ಅನುಭವ ಪತ್ರವನ್ನು ಯಾರೂ ಓದಲಿಲ್ಲ. ಮನೆಗೆ ಈ ವರ್ಷವೇ ನಗದು ಬೇಕು ಅನ್ನುವವರು ಮಾತ್ರ ಗೋವಾಕ್ಕೆ ಹೋಗಿ. ಒಂದೇ ಸೀಸನ್ನು, ಸಂಬಳ ತಿಂಗಳು ತಿಂಗಳು ಕೈಗೆ ಬರುವ ಹಾಗೆ ನೋಡಿಕೊಳ್ಳಿ.

ಎಲ್ಲಿಗೇ ಹೋಗಲಿ, 18 ತುಂಬಿರಲಿ. ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಸಾಕು. ಕೆಲಸ ಕೊಡಿಸಲು ಡೆಪಾಸಿಟ್ ಕೇಳಿದರೆ ಎದ್ದು ಬನ್ನಿ. ಸೇರಿದ ಎರಡನೇ ತಿಂಗಳೇ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ನನ್ನದರಲ್ಲಿ ಏಜೆನ್ಸಿಯವರು ಎರಡು ತಿಂಗಳು ಕಟ್ಟಿರಲಿಲ್ಲ, ಕೇಳಿದ ಮೇಲೆ ಕಟ್ಟಿದರು.

ತಂಗಿ ಮೈಸೂರು ಅಂತ ಮನಸ್ಸು ಮಾಡಿದ್ದಾಳೆ. ಅವಳ ಆಯಿಗೆ ಇನ್ನೂ ಧೈರ್ಯ ಸಾಲುತ್ತಿಲ್ಲ. "ಅಷ್ಟು ದೂರ ಎಂತಕ್ಕೆ, ಗೋವಾಕ್ಕೇ ಹೋಗಲಿ, ವಾರಕ್ಕೊಮ್ಮೆ ಮುಖ ನೋಡಬಹುದು" ಅನ್ನುತ್ತಿದ್ದಾರೆ. ಭಾನುವಾರ ಅವರ ಮನೆಗೆ ಹೋಗಿ ಕೂರುತ್ತೇನೆ. ಪಿಜಿ ಹೇಗಿದೆ, ಊಟ ಹೇಗೆ, ಸಂಜೆ ಎಷ್ಟು ಹೊತ್ತಿಗೆ ರೂಮಿಗೆ ಬರುತ್ತಾಳೆ, ಎಲ್ಲ ಬಿಡಿಸಿ ಹೇಳಬೇಕು. ಆ ಪಿಜಿಯ ಆಂಟಿಯ ನಂಬರೂ ನನ್ನ ಹತ್ತಿರ ಇದೆ, ಅಲ್ಲೇ ಫೋನ್ ಹಚ್ಚಿ ಅವರಿಬ್ಬರನ್ನೂ ಮಾತಾಡಿಸುತ್ತೇನೆ.