ಸೋಮವಾರಪೇಟೆ ಮಳೆಗಾಲದಲ್ಲಿ 1060 ಮತ್ತು 4060: ಎರಡೂ ಬಳಸಿದವನ ಅನುಭವ

ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್, 6 ಜಿಬಿ ಮೆಮೊರಿಯ ಜಿಟಿಎಕ್ಸ್ 1060, ನಾನು ತಗೊಂಡಿದ್ದು 2017ರ ಬೇಸಿಗೆಯಲ್ಲಿ. ಏಳು ಮಳೆಗಾಲ ಓಡಿಸಿದೆ. 2024ರ ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ ಒಂದು ದಿನ ಬಿಡುವು ಮಾಡಿಕೊಂಡು, ಮೈಸೂರಿಗೆ ಹೋಗಿ ಆರ್‌ಟಿಎಕ್ಸ್ 4060 ತಂದೆ. ಅದೂ ಈಗ ಎರಡು ಮಳೆಗಾಲ ಕಂಡಿದೆ. ಕಂಪ್ಯೂಟರ್ ಅದೇ, 1080ಪಿ ಮಾನಿಟರ್ರೂ ಅದೇ. ಬದಲಾಗಿದ್ದು ಕಾರ್ಡ್ ಮಾತ್ರ.

ಮೊದಲು ಕರೆಂಟಿನ ವಿಷಯ. ಜೂನ್ ಬಂತೆಂದರೆ ನಮ್ಮ ಕಡೆ ಮರ ಬಿದ್ದು ಲೈನ್ ಹೋಗುವುದು ಮಾಮೂಲಿ ಅಲ್ವಾ? ನನ್ನ ಹತ್ತಿರ ಇರುವುದು 600 ವಿಎ ಯುಪಿಎಸ್. ಅದು ಹೊರುವುದು ಸುಮಾರು 360 ವ್ಯಾಟ್. 1060 ಎಳೆಯುತ್ತಿದ್ದದ್ದು 120 ವ್ಯಾಟ್. ಹೊಸ ಕಾರ್ಡ್ ತಂದರೆ ಯುಪಿಎಸ್ಸನ್ನೂ ಬದಲಿಸಬೇಕೇನೋ ಅಂತ ಹೆದರಿದ್ದೆ. ನೋಡಿದರೆ 4060ಕ್ಕೆ ಬೇಕಾದದ್ದು 115 ವ್ಯಾಟ್! ವೇಗ ಎರಡು ಪಟ್ಟಿಗಿಂತ ಜಾಸ್ತಿ, ಕರೆಂಟ್ ಇನ್ನೂ ಸ್ವಲ್ಪ ಕಡಿಮೆ. ಹಿಂದಿನ ತಲೆಮಾರಿನ 3060 ಆಗಿದ್ದರೆ 170 ವ್ಯಾಟ್. ಅದರಲ್ಲಿ 12 ಜಿಬಿ ಮೆಮೊರಿ ಇದ್ದರೂ ನಾನು ಬಿಟ್ಟಿದ್ದು ಇದೇ ಕಾರಣಕ್ಕೆ. ಕಂಪ್ಯೂಟರಿನ ಒಳಗೆ ಕರೆಂಟ್ ಹಂಚುವ ಹಳೆಯ 550 ವ್ಯಾಟ್ ಎಸ್‌ಎಂಪಿಎಸ್ ಕೂಡ ಹಾಗೇ ಇದೆ. 6 ಪಿನ್ ವೈರ್ ಬದಲು 8 ಪಿನ್ನಿನದ್ದು ಚುಚ್ಚಿದೆ, ಅಷ್ಟೇ. ಕರೆಂಟ್ ಹೋದಾಗ ಆಟ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಈಗಲೂ ಸಿಗುತ್ತದೆ.

ಸೈಬರ್‌ಪಂಕ್ 2077 ಆಟವನ್ನು ಎರಡರಲ್ಲೂ ಆಡಿದ್ದೇನೆ. 1060ರಲ್ಲಿ ಸೆಟ್ಟಿಂಗ್ ಎಲ್ಲ ಇಳಿಸಿದರೂ ಸೆಕೆಂಡಿಗೆ 40 ಫ್ರೇಮ್ (ಚಿತ್ರ) ಆಸುಪಾಸು. ಜನ ತುಂಬಿದ ಬೀದಿಗೆ ಬಂದರೆ 30. ಈಗ ಹೈ ಸೆಟ್ಟಿಂಗ್‌ನಲ್ಲಿ 70 ಬರುತ್ತಿದೆ. ಇನ್ನೂ ಜಾಸ್ತಿ ಬರಬೇಕಿತ್ತು, ಆದರೆ ನನ್ನ ಹಳೆಯ ರೈಜೆನ್ 5 2600 ಪ್ರೊಸೆಸರ್ ಕಾರ್ಡಿನ ವೇಗಕ್ಕೆ ಸಾಟಿಯಾಗುವುದಿಲ್ಲ. ಇನ್ನೊಂದು ಸಂಗತಿಯನ್ನು ಹಳೆಯ ಬೋರ್ಡ್ ಇರುವವರು ಗಮನಿಸಬೇಕು. 4060 ಬಳಸುವುದು ಎಂಟೇ ಪಿಸಿಐಇ ಲೇನ್, ಅಂದರೆ ಕಾರ್ಡಿಗೂ ಬೋರ್ಡಿಗೂ ನಡುವೆ ಡೇಟಾ ಓಡಾಡುವ ದಾರಿ. ಕಾರ್ಡ್ ಪಿಸಿಐಇ ನಾಲ್ಕನೇ ತಲೆಮಾರಿನದು, ನನ್ನ ಬೋರ್ಡ್ ಮೂರನೆಯದು, ಹಾಗಾಗಿ ಪ್ರತಿ ಲೇನಿನ ವೇಗವೂ ಅರ್ಧ. ಟೆಕ್ಸ್ಚರ್ (ಮೇಲ್ಮೈಗಳ ವಿವರ) ಪೂರ್ತಿ ಏರಿಸಿ, ಬೆಳಕು ನೆರಳನ್ನು ಲೆಕ್ಕ ಹಾಕಿ ತೋರಿಸುವ ರೇ ಟ್ರೇಸಿಂಗ್ ಹಾಕಿದರೆ ಕಾರ್ಡಿನ 8 ಜಿಬಿ ಮೆಮೊರಿ ತುಂಬುತ್ತದೆ. ಆಗ ಉಳಿದದ್ದನ್ನು ರ್‍ಯಾಮ್‌ನಿಂದ ಈ ಕಿರಿದಾದ ದಾರಿಯಲ್ಲೇ ತರಬೇಕು. ಆಟ ಅಲ್ಲಲ್ಲಿ ತಡವರಿಸುತ್ತದೆ. ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿದ ಮೇಲೆ ಸರಿಹೋಯ್ತು.

ಫ್ರೇಮ್ ಜನರೇಷನ್ ಅನ್ನು, ಅಂದರೆ ಎರಡು ಫ್ರೇಮ್‌ಗಳ ನಡುವೆ ಕಾರ್ಡೇ ಇನ್ನೊಂದನ್ನು ಸೇರಿಸುವುದನ್ನು, ನಂಬಿ ಕಾರ್ಡ್ ಕೊಳ್ಳಬೇಡಿ. 60 ಬರುವ ಕಡೆ ಚೆನ್ನಾಗಿದೆ. 30 ಬರುವ ಕಡೆ ಚಿತ್ರ ನುಣುಪಾಗುತ್ತದೆ, ಮೌಸ್ ಮಾತ್ರ ಭಾರವಾಗಿಯೇ ಇರುತ್ತದೆ.

ಇನ್ನು ಥಂಡಿ. 1060ರ ಹಿಂದಿನ ತಗಡಿಗೆ ಮೂರನೇ ಮಳೆಗಾಲಕ್ಕೇ ತುಕ್ಕು ಬಂದಿತ್ತು. ಆಗ ಕ್ಯಾಬಿನೆಟ್ ನೆಲದ ಮೇಲೆ, ಗೋಡೆಗೆ ತಾಗಿಕೊಂಡು ಇತ್ತು. ಈಗ ಮೇಜಿನ ಮೇಲೆ ಇಟ್ಟಿದ್ದೇನೆ. ಆಡಲಿ ಬಿಡಲಿ, ಜುಲೈ, ಆಗಸ್ಟ್‌ನಲ್ಲಿ ದಿನಾ ಅರ್ಧ ಗಂಟೆ ಆನ್ ಮಾಡುತ್ತೇನೆ. ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. 4060ರ ತಗಡು ಇನ್ನೂ ಹೊಸದರಂತೆ ಹೊಳೆಯುತ್ತಿದೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಯುಪಿಎಸ್ ನಂಬಬೇಡಿ. ಪ್ಲಗ್ ಕೀಳಿ, ಇಂಟರ್ನೆಟ್ ವೈರನ್ನೂ ಕೀಳಿ.

1060 ಈಗ ಕುಶಾಲನಗರದಲ್ಲಿ ನಮ್ಮ ಅತ್ತೆ ಮಗನ ಕಂಪ್ಯೂಟರ್‌ನಲ್ಲಿದೆ. ಥರ್ಮಲ್ ಪೇಸ್ಟ್ ಬದಲಿಸಿ ಕೊಟ್ಟೆ. ಅವನು ಆಡುವುದು ವ್ಯಾಲೊರೆಂಟ್, ಜಿಟಿಎ 5. ಎರಡೂ ಸಲೀಸಾಗಿ ಓಡುತ್ತಿವೆ. ಅಷ್ಟೇ ಆಡುವವರು ಸುಮ್ನೆ ಹೊಸದಕ್ಕೆ ದುಡ್ಡು ಹಾಕುವುದು ಬೇಡ. ಆದರೆ ರೇ ಟ್ರೇಸಿಂಗ್ ಕಡ್ಡಾಯವಾಗಿರುವ ಹೊಸ ಆಟಗಳು ಅದಕ್ಕೆ ಆಗುವುದಿಲ್ಲ. ಹೊಸ ಆಟಗಳಿಗೆಂದು ಬರುವ ಡ್ರೈವರ್‌ಗಳೂ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) 2025ರ ಅಕ್ಟೋಬರ್‌ಗೆ ನಿಂತವು. ಭದ್ರತೆಯ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರ್‌ವರೆಗೆ ಇದೆ. ಅಲ್ಲಿಯವರೆಗೆ ಅದನ್ನೇ ಆಡಿಸುತ್ತೇನೆ ಅಂದಿದ್ದಾನೆ ಅವನು.