ಅರ್ಜಿ ಅಂಗಡಿಯ ಮೇಜಿನಿಂದ ಇರ್ಫಾನ್‌ವ್ಯೂ

ದಾವಣಗೆರೆಯ ಹದಡಿ ರಸ್ತೆಯ ಆಸುಪಾಸಿನಲ್ಲಿ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ನಡೆಸುವವರಿಗೆ, ವಿದ್ಯಾರ್ಥಿವೇತನದ ಅಥವಾ ನೇಮಕಾತಿಯ ಅರ್ಜಿಗಳು ಬಿಟ್ಟ ದಿನಗಳಲ್ಲಿ ಅರ್ಜಿ ತುಂಬುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಫೋಟೊ ಮತ್ತು ಸಹಿಯ ಗಾತ್ರವನ್ನು ಇಳಿಸುವ ಕೆಲಸ. ಜಗಳೂರಿನಿಂದಲೋ ಚನ್ನಗಿರಿಯಿಂದಲೋ ಬಂದ ವಿದ್ಯಾರ್ಥಿಯ ಮೊಬೈಲಿನಲ್ಲಿರುವ ಫೋಟೊ ನಾಲ್ಕೈದು ಎಂಬಿ ಇರುತ್ತದೆ. ಅರ್ಜಿಯ ತಾಣವು ಫೋಟೊ 50 ಕೆಬಿ, ಸಹಿ 20 ಕೆಬಿ ಮೀರಬಾರದು ಎಂದು ಪಟ್ಟು ಹಿಡಿಯುತ್ತದೆ. ಈ ಕೆಲಸಕ್ಕೆ ನಮ್ಮ ಅಂಗಡಿಯಲ್ಲಿ ಬಹುಕಾಲದಿಂದ ಬಳಸುತ್ತಿರುವ ಇರ್ಫಾನ್‌ವ್ಯೂ ಎಂಬ ತಂತ್ರಾಂಶದ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದನ್ನು ರೂಪಿಸಿದವರು ಬೋಸ್ನಿಯಾದ ಯಾಯ್ತ್ಸೆ ಪಟ್ಟಣದವರಾದ, ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದಿದ ಇರ್ಫಾನ್ ಸ್ಕಿಲ್ಯಾನ್. 1996ರಲ್ಲಿ ಮೊದಲ ಆವೃತ್ತಿಯನ್ನು ಹೊರತಂದ ಅವರು ಅಂದಿನಿಂದಲೂ ತಮ್ಮ ಹೆಸರಿನ ಈ ತಂತ್ರಾಂಶವನ್ನು ತಾವೇ ಬೆಳೆಸಿಕೊಂಡು ಬಂದಿದ್ದಾರೆ. ದೊಡ್ಡ ಕಂಪನಿಯ ಸರಕಾಗಿದ್ದರೆ ಇಷ್ಟು ಹೊತ್ತಿಗೆ ಲಾಗಿನ್ ಕೇಳುತ್ತಿತ್ತು, ತಿಂಗಳ ಚಂದಾ ಕೇಳುತ್ತಿತ್ತು. ಇದು ಈಗಲೂ ಕೆಲವೇ ಎಂಬಿಗಳ ಕಡತವಾಗಿ ಇಳಿದು, ಹಳೆಯ ಕಂಪ್ಯೂಟರಿನಲ್ಲೂ ಕ್ಲಿಕ್ ಮಾಡಿದ ಕೂಡಲೇ ತೆರೆದುಕೊಳ್ಳುತ್ತದೆ. ಚಕ್ರಕ್ಕೆ ಸಿಕ್ಕಿ ಚಪ್ಪಟೆಯಾದ ಕೆಂಪು ಬೆಕ್ಕಿನ ಐಕಾನ್ ಮಾತ್ರ ಯಾರ ಅಭಿರುಚಿಗೆ ಒಪ್ಪುತ್ತದೆಯೋ ನಾನರಿಯೆ.

ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದರ ಬೆಲೆ ಗೊತ್ತಾಗುವುದು ಅಲ್ಲಿಯೇ. ಫೋಟೊ ತೆರೆದು ಶಿಫ್ಟ್ ಮತ್ತು ಸಿ ಕೀಲಿಗಳನ್ನು ಒತ್ತಿದರೆ ಕತ್ತರಿಸಬೇಕಾದ ಚೌಕಟ್ಟಿನ ಅನುಪಾತವನ್ನು ಕೇಳುತ್ತದೆ. ಪಾಸ್‌ಪೋರ್ಟ್ ಅಳತೆಯ 3.5 ಮತ್ತು 4.5 ಕೊಟ್ಟು, ಚೌಕಟ್ಟನ್ನು ಮುಖದ ಮೇಲೆ ಕೂರಿಸಿ, ಕಂಟ್ರೋಲ್ ಮತ್ತು ವೈ ಒತ್ತಿದರೆ ಉಳಿದ ಭಾಗ ಕತ್ತರಿಸಿಹೋಗುತ್ತದೆ. ಅನಂತರ ಕಂಟ್ರೋಲ್ ಮತ್ತು ಆರ್ ಒತ್ತಿ ಅಳತೆಯನ್ನು ಸೆಂಟಿಮೀಟರಿನಲ್ಲಿಯೇ ನಮೂದಿಸಿ 200 ಡಿಪಿಐ (ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಲೆಕ್ಕ) ಕೊಟ್ಟರೆ, ಚಿತ್ರವು ಸುಮಾರು 276 ಅಗಲ, 354 ಎತ್ತರದ ಪಿಕ್ಸೆಲ್‌ಗಳಿಗೆ ಇಳಿಯುತ್ತದೆ. ಕೊನೆಗೆ ಉಳಿಸುವಾಗ ತೆರೆಯುವ ಜೆಪೆಗ್ (ಫೋಟೊ ಉಳಿಸುವ ಸಾಮಾನ್ಯ ಕಡತ ವಿಧಾನ) ಕಿಟಕಿಯಲ್ಲಿ ಕಡತ ಇಂತಿಷ್ಟೇ ಕೆಬಿ ಇರಲಿ ಎಂದು ನಾವೇ ಬರೆಯುವ ಅವಕಾಶವಿದೆ. ಅಲ್ಲಿ 45 ಎಂದು ಬರೆದರೆ ಕಡತ ಆ ಮಿತಿಗೆ ಬಂದು ನಿಲ್ಲುತ್ತದೆ.

ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ಕೆಬಿ ಮಿತಿಯು ಚಿತ್ರದ ಉದ್ದಗಲವನ್ನು ಮುಟ್ಟುವುದಿಲ್ಲ, ಗುಣಮಟ್ಟವನ್ನು ಮಾತ್ರ ಇಳಿಸುತ್ತದೆ. ಜೆಪೆಗ್ ವಿಧಾನವು ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಸಂಕುಚಿಸುವುದರಿಂದ, 4000×3000 ಪಿಕ್ಸೆಲ್‌ಗಳ ಮೊಬೈಲ್ ಚಿತ್ರವನ್ನು ಹಾಗೆಯೇ 50 ಕೆಬಿಗೆ ಹಿಂಡಿದರೆ ಮುಖದ ಮೇಲೆಲ್ಲ ಚೌಕಗಳೇ ಎದ್ದು ಕಾಣುತ್ತವೆ. ಮೊದಲು ಅಳತೆ ಇಳಿಸಿದರೆ ಅದೇ 50 ಕೆಬಿಯಲ್ಲಿ ಹುಬ್ಬಿನ ಕೂದಲೂ ಸ್ಪಷ್ಟವಾಗಿ ಉಳಿಯುತ್ತದೆ. ಅರ್ಜಿ ಪರಿಶೀಲನೆಯಲ್ಲಿ ಫೋಟೊ ಅಸ್ಪಷ್ಟವೆಂದು ತಿರಸ್ಕೃತವಾಗುವ ಎಷ್ಟೋ ಪ್ರಕರಣಗಳ ಹಿಂದೆ ಈ ಅದಲುಬದಲು ಇರಬಹುದೆಂದು ನನ್ನ ಅನುಮಾನ.

ಇದೇ ಕೆಲಸವನ್ನು ಮಾಡಿಕೊಡುವ ಜಾಲತಾಣಗಳು ಬೇಕಾದಷ್ಟಿವೆ ಎಂದು ಯಾರಾದರೂ ಹೇಳಬಹುದು. ಆದರೆ ಅಲ್ಲಿಗೆ ನಾವು ಏರಿಸುವುದು ಗಿರಾಕಿಯ ಮುಖವನ್ನು, ಸಹಿಯನ್ನು, ಎಷ್ಟೋ ಸಲ ಆಧಾರ್ ಕಾರ್ಡನ್ನು. ಅವು ಯಾವ ದೇಶದ ಯಾವ ಸರ್ವರಿನಲ್ಲಿ ಎಷ್ಟು ಕಾಲ ಇರುತ್ತವೆ ಎಂಬುದಕ್ಕೆ ಅಂಗಡಿಯವರು ಉತ್ತರ ಕೊಡಲಾರರು. ಇರ್ಫಾನ್‌ವ್ಯೂ ಎಲ್ಲವನ್ನೂ ನಮ್ಮ ಯಂತ್ರದಲ್ಲಿಯೇ ಮುಗಿಸುತ್ತದೆ, ನೆಟ್ ಇಲ್ಲದಾಗಲೂ ಕೆಲಸ ನಿಲ್ಲುವುದಿಲ್ಲ. ಉಳಿಸುವ ಕಿಟಕಿಯಲ್ಲಿ ಎಕ್ಸಿಫ್ ಮಾಹಿತಿಯ ಮುಂದಿನ ಟಿಕ್ ತೆಗೆದರೆ ಫೋಟೊದೊಳಗೆ ಅಡಗಿರುವ ದಿನಾಂಕ, ಫೋಟೊ ತೆಗೆದ ಸ್ಥಳದ ವಿವರಗಳೂ ಅಳಿಸಿಹೋಗುತ್ತವೆ. ಹೆಣ್ಣುಮಕ್ಕಳ ಫೋಟೊಗಳ ವಿಷಯದಲ್ಲಿ ನಾವು ಇದನ್ನು ಕಡ್ಡಾಯ ಮಾಡಿಕೊಂಡಿದ್ದೇವೆ. ಎಲ್ಲರ ಫೋಟೊಗಳಿಗೂ ಮಾಡುವುದು ಇನ್ನೂ ಒಳ್ಳೆಯದು.

ಶಾಲೆಯ ಗುರುತಿನ ಚೀಟಿಗಳಂತಹ ಸಗಟು ಕೆಲಸಕ್ಕೆ ಬಿ ಕೀಲಿ ಒತ್ತಿದರೆ ಸಾಕು. ಇಡೀ ಫೋಲ್ಡರಿನ ಚಿತ್ರಗಳನ್ನು ಒಂದೇ ಬಾರಿಗೆ ಅಳತೆ ಬದಲಿಸಿ, ಕ್ರಮಸಂಖ್ಯೆಯ ಹೆಸರು ಕೊಟ್ಟು, ಬೇರೆ ಫೋಲ್ಡರಿಗೆ ಇಳಿಸುತ್ತದೆ.

ಕೊರತೆಗಳೂ ಸಣ್ಣವಲ್ಲ. ಮೆನುಗಳು ಹಳೆಯ ಕಾಲದವು, ಒಂದರೊಳಗೊಂದು ತುಂಬಿಕೊಂಡಿವೆ. ಅಂಗಡಿಗೆ ಹೊಸದಾಗಿ ಸೇರಿದ ಹುಡುಗರಿಗೆ ಕೀಲಿಗಳನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಬೇಕಾಗುತ್ತದೆ. ಫೋಟೊದ ಹಿನ್ನೆಲೆಯನ್ನು ಅಚ್ಚುಕಟ್ಟಾಗಿ ಬಿಳಿ ಮಾಡಲು ಇದು ತಕ್ಕ ಸಾಧನವಲ್ಲ, ಅದಕ್ಕೆ ಗಿಂಪ್ ಅಥವಾ ಫೋಟೊಶಾಪ್ ಬೇಕು. ಇದು ವಿಂಡೋಸ್‌ಗೆಂದೇ ಮಾಡಿದ್ದು. ಲಿನಕ್ಸ್ ಯಂತ್ರದಲ್ಲಿ, ವಿಂಡೋಸ್ ತಂತ್ರಾಂಶಗಳನ್ನು ಅಲ್ಲಿ ಓಡಿಸುವ ವೈನ್ ಎಂಬ ತಂತ್ರಾಂಶದ ಮೂಲಕ ಸುತ್ತುಬಳಸಿ ನಡೆಸಬೇಕು.

ಬಹುಪಾಲು ಅಂಗಡಿಗಳು ಗಮನಿಸದ ಸಂಗತಿ ಪರವಾನಗಿಯದು. ಇರ್ಫಾನ್‌ವ್ಯೂ ಉಚಿತ ಎಂಬ ಮಾತು ಮನೆಬಳಕೆಗೆ, ಶಾಲೆ, ವಿಶ್ವವಿದ್ಯಾಲಯ, ಗ್ರಂಥಾಲಯಗಳಿಗೆ ಮತ್ತು ದತ್ತಿ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ. ಹಣ ಪಡೆದು ಕೆಲಸ ಮಾಡಿಕೊಡುವ ನಮ್ಮಂಥವರು ನೋಂದಣಿ ಶುಲ್ಕ ಕಟ್ಟಬೇಕು. ಅಂದರೆ ಇದು ಕಡತಗಳನ್ನು ಕುಗ್ಗಿಸುವ ಸೆವೆನ್-ಜಿಪ್‌ನಂತೆ ಮೂಲ ಸಂಕೇತವನ್ನು ತೆರೆದಿಟ್ಟ ಮುಕ್ತ ತಂತ್ರಾಂಶವಲ್ಲ. ಸೆವೆನ್-ಜಿಪ್ ಅನ್ನು ಅದರ ಕರ್ತೃ ಇಗೋರ್ ಪಾವ್ಲೊವ್ 1999ರಿಂದ ಅಂಗಡಿ, ಮನೆ ಎನ್ನದೆ ಎಲ್ಲರಿಗೂ ಉಚಿತವಾಗಿ ಕೊಡುತ್ತಿದ್ದಾರೆ. ನಾವು ಶುಲ್ಕ ಕಟ್ಟಿಯೇ ಬಳಸುತ್ತಿದ್ದೇವೆ. ಒಂದು ಅರ್ಜಿಗೆ ಗಿರಾಕಿಯಿಂದ ಹಣ ಎಣಿಸಿಕೊಳ್ಳುವ ನಾವು, ಆ ಅರ್ಜಿಯನ್ನು ಸಾಧ್ಯವಾಗಿಸಿದವರಿಗೆ ಏನನ್ನೂ ಕೊಡುವುದಿಲ್ಲವೆಂದರೆ ಅದು ವ್ಯಾಪಾರ ಧರ್ಮವಾಗುವುದಿಲ್ಲ.

ಹಾಕಿಕೊಳ್ಳುವವರು ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು. ಪಿಡಿಎಫ್ ತೆರೆಯಲು ಮತ್ತು ಗುಣಮಟ್ಟ ಕೆಡದಂತೆ ಫೋಟೊ ತಿರುಗಿಸಲು ಬೇಕಾದ, ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗಗಳಾದ ಪ್ಲಗಿನ್‌ಗಳು ಅಲ್ಲಿ ಪ್ರತ್ಯೇಕ ಕಡತವಾಗಿ ಸಿಗುತ್ತವೆ. 64 ಬಿಟ್ ಆವೃತ್ತಿ ಹಾಕಿದವರು ಪ್ಲಗಿನ್‌ಗಳನ್ನೂ 64 ಬಿಟ್‌ನವನ್ನೇ ಹಾಕಿಕೊಳ್ಳಬೇಕು. 32 ಬಿಟ್‌ನವು ಅದರಲ್ಲಿ ನಡೆಯುವುದಿಲ್ಲ.