ಹಳೇ ಎಫ್‌ಸಿ-150 ಪಿಕಪ್: ಪೆಟ್ರೋಲ್ ಇಂಜಿನ್ ಉಳಿಸಬೇಕಾ, ಡೀಸೆಲ್ ಇಂಜಿನ್ ಹಾಕಬೇಕಾ?

ಮಹೀಂದ್ರ ಎಫ್‌ಸಿ-150 ರಿಪೇರಿಗೆ ತಂದರೆ ಯಾವ ಗ್ಯಾರೇಜಿನಲ್ಲಾದರೂ ಮೊದಲು ಸಿಗುವ ಸಲಹೆ, ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಕೂರಿಸಿ ಅಂತ. ನಾನು ಕೇಳಲಿಲ್ಲ. ಚಿಕ್ಕಮಗಳೂರಿನ ಗೆಳೆಯ ಕೇಳಿದ. ಈಗ ನನ್ನದರಲ್ಲಿ ಹಳೇ ಇಂಜಿನ್ನೇ ಇದೆ, ಅವನದರಲ್ಲಿ ಪ್ಯೂಜೋ ಡೀಸೆಲ್ ಇದೆ. ಎರಡನ್ನೂ ಘಾಟಿಯಲ್ಲಿ, ಮಳೆಯಲ್ಲಿ, ಗೊಬ್ಬರದ ಮೂಟೆ ಹೇರಿಕೊಂಡು ಚೆನ್ನಾಗಿ ಓಡಿಸಿ ನೋಡಿದ್ದೇನೆ.

ಈ ಗಾಡಿ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ವಿಲ್ಲಿಸ್ ಕಂಪನಿ 1956ರ ಕೊನೆಗೆ ಅಮೆರಿಕದಲ್ಲಿ ತಂದ ಜೀಪ್ ಪಿಕಪ್ ಇದು, ಮಹೀಂದ್ರ ಇಲ್ಲಿ 1965ರಿಂದ ಮಾಡಿತು. ಮುಂದೆ ಬಾನೆಟ್ ಇಲ್ಲ. ಇಂಜಿನ್ ಕ್ಯಾಬಿನ್ ಒಳಗೆ, ಎರಡು ಸೀಟಿನ ನಡುವೆ, ಒಂದು ಡಬ್ಬದ ಕೆಳಗಿದೆ. ಅದರ ಬಿಸಿ, ಸದ್ದು, ನಡುಕ ಎಲ್ಲಾ ಮೊಣಕಾಲ ಪಕ್ಕದಲ್ಲೇ. ಹಾಗಾಗಿ ಬೇರೆ ಜೀಪಿನಲ್ಲಿ ಒಪ್ಪುವ ಇಂಜಿನ್ ಇದರಲ್ಲೂ ಒಪ್ಪುತ್ತೆ ಅನ್ನೋ ಹಾಗಿಲ್ಲ.

ಡೀಸೆಲ್ಲಿಗೆ ನ್ಯಾಯವಾಗಿ ಸಲ್ಲಬೇಕಾದ್ದು ಮೊದಲು. ಗೆಳೆಯನದು 2112 ಸಿಸಿಯ ಪ್ಯೂಜೋ ಎಕ್ಸ್‌ಡಿಪಿ 4.90, ಮಹೀಂದ್ರದ ಎಂಎಂ 540 ಜೀಪಿನಲ್ಲಿ ಬರುತ್ತಿತ್ತಲ್ಲ, ಅದೇ. ಸಾಮಾನು ಸುಲಭವಾಗಿ ಸಿಗುತ್ತೆ, ಊರಿನ ಮೆಕ್ಯಾನಿಕ್‌ಗೂ ಕೈ ಪಳಗಿದೆ, ಇಂಧನದ ಖರ್ಚು ನನ್ನ ಗಾಡಿಗಿಂತ ತುಂಬಾ ಕಡಿಮೆ. ಆದರೆ ಅದನ್ನು ಕೂರಿಸಲು ಮೌಂಟಿಂಗ್ ಕತ್ತರಿಸಬೇಕಾಯಿತು, ಡಬ್ಬವನ್ನೂ ದೊಡ್ಡದು ಮಾಡಬೇಕಾಯಿತು, ಈಗ ಪಕ್ಕದಲ್ಲಿ ಕೂತವರಿಗೆ ಕಾಲು ಚಾಚಲು ಜಾಗವೇ ಇಲ್ಲ. ನಿಂತಲ್ಲೇ ಇಂಜಿನ್ ಓಡುತ್ತಿದ್ದರೆ ಬಾಗಿಲಿನ ಗಾಜು ಗಡಗಡ ಅನ್ನುತ್ತೆ. ಮಾತಾಡಬೇಕಂದ್ರೆ ಕೂಗಬೇಕು.

ನನ್ನದು ಹರಿಕೇನ್ ಅನ್ನೋ ಪೆಟ್ರೋಲ್ ಇಂಜಿನ್, 2199 ಸಿಸಿ. ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ ಇರುವ ಹಳೇ ಎಫ್-ಹೆಡ್. ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಅದನ್ನು ಮುಚ್ಚಿಡೋದು ಬೇಡ. ಬೇಸಿಗೆಯಲ್ಲಿ ಡಬ್ಬ ಕಾಯುತ್ತೆ, ಒಳಗಡೆ ಹೀಟ್ ಶೀಲ್ಡ್ ಅಂಟಿಸಿದ ಮೇಲೆ ಸಹಿಸುವಂತಾಯಿತು. ಗ್ಯಾಸ್ಕೆಟ್, ಕಾರ್ಬುರೇಟರ್ ಕಿಟ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆ ಅಲೆಯಬೇಕು. ಇಷ್ಟಾದರೂ ಸೆಕೆಂಡ್ ಗೇರಿನಲ್ಲಿ, ನಿಧಾನ ವೇಗದಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಸುಮ್ನೆ ಇಟ್ಟುಕೊಂಡೇ ತೋಟದ ಏರು ಹತ್ತುವಾಗ ಬರುವ ಆ ಮೆತ್ತನೆ ಎಳೆತ ಇದೆಯಲ್ಲ, ಅದೇ ಈ ಗಾಡಿ. ಅದನ್ನು ಕಿತ್ತರೆ ನನಗೆ ಉಳಿಯೋದು ಬರೀ ಚೆಂದದ ತಗಡು.

ಕಾನೂನಿನ ಮಾತೂ ಇದೆ. ಆರ್‌ಸಿಯಲ್ಲಿರುವ ತಯಾರಕರ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. 2021ರಲ್ಲಿ ಬಂದ ವಿಂಟೇಜ್ ನೋಂದಣಿಗೂ ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಹಾಗೆ ನೋಂದಾಯಿಸಿದರೆ ದಿನನಿತ್ಯ ಓಡಿಸೋದಕ್ಕೆ, ಬಾಡಿಗೆಗೆ ಬಿಡೋದಕ್ಕೆ ಅವಕಾಶವಿಲ್ಲ. ದಿನಾ ಲೋಡ್ ಹೊಡೆಯುವವರಿಗೆ ಡೀಸೆಲ್ಲೇ ಸರಿ, ಆದರೆ ಆ ತೀರ್ಪು ಇರೋದರಿಂದ ಇಂಜಿನ್ ಬದಲಿಸಲು ಅನುಮತಿ ಸಿಗುತ್ತಾ ಅಂತ ಆರ್‌ಟಿಒ ಹತ್ತಿರ ಮೊದಲು ಕೇಳಿಕೊಳ್ಳಿ.

ಬ್ರೇಕ್ ವಿಷಯದಲ್ಲಿ ಮಾತ್ರ ನಾನು ಹಳೆಯದಕ್ಕೆ ಅಂಟಿಕೊಳ್ಳಲಿಲ್ಲ. ಮೊದಲಿದ್ದದ್ದು ಒಂದೇ ಸರ್ಕ್ಯೂಟ್, ಒಂದು ಕಡೆ ಆಯಿಲ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯ್ತು. ಗೆಳೆಯ ಮುಂದೆ ಡಿಸ್ಕ್ ಹಾಕಿಸಿದ, ಹಿಡಿತ ಭರ್ಜರಿ. ನಾನು ಡ್ರಮ್ ಉಳಿಸಿಕೊಂಡು ಟ್ಯಾಂಡಮ್ ಮಾಸ್ಟರ್ ಸಿಲಿಂಡರ್ ಹಾಕಿಸಿದೆ, ಮುಂದೆ ಹಿಂದೆ ಬೇರೆ ಬೇರೆ ಲೈನ್. ಹೊಳೆ ದಾಟಿದ ಮೇಲೆ ಡ್ರಮ್ ಒಣಗುವ ತನಕ ಪೆಡಲ್ ಮೆಲ್ಲಗೆ ಒತ್ತುತ್ತಾ ಹೋಗಬೇಕು, ಡಿಸ್ಕ್‌ಗೆ ಆ ರಗಳೆ ಇಲ್ಲ. ಶಿರಾಡಿ ಘಾಟಿಯನ್ನು ಪದೇ ಪದೇ ಇಳಿಯುವವರಾದರೆ ಡಿಸ್ಕ್ ಕೇಳಿ ನೋಡಿ, ನನ್ನ ತೋಟದ ಓಡಾಟಕ್ಕೆ ಇದು ಸಾಕು.

ಬಣ್ಣದ್ದು ಬೇಗ ಹೇಳಿ ಮುಗಿಸುತ್ತೇನೆ. ಹಳೇ ತಗಡಿನ ತುಂಡುಗಳ ಮೇಲೆ ಎನಾಮಲ್ ಮತ್ತು ಪಿಯು (ಪಾಲಿಯುರೆಥೇನ್ ಬಣ್ಣ) ಎರಡನ್ನೂ ಹೊಡೆಸಿ ಬಿಸಿಲಿಗೆ ಇಟ್ಟು ನೋಡಿದೆ. ಎನಾಮಲ್ ಕಣ್ಣಿಗೆ ಹಿತ, ಆದರೆ ಬೇಗ ಮಂಕಾಯಿತು. ಪಿಯು ಗಟ್ಟಿ, ಹೊಳಪು ಮಾತ್ರ ಹೊಸ ಕಾರಿನ ಥರ, ಈ ಗಾಡಿಗೆ ಹೊಂದಲ್ಲ ಅಲ್ವಾ? ಮೇಲೆ ಹೊಡೆಯುವ ಪಾರದರ್ಶಕ ಕ್ಲಿಯರ್ ಕೋಟ್ ಬಿಟ್ಟು, ಹೊಳಪು ತಗ್ಗಿಸುವ ಮ್ಯಾಟಿಂಗ್ ಬೆರೆಸಿದ ಪಿಯು ಹೊಡೆಸಿದೆ. ಹೊಡೆಸುವ ಮುಂಚೆ ಪೇಂಟರ್ ಹತ್ತಿರ ಒಂದು ತುಂಡಿನ ಮೇಲೆ ಮಾದರಿ ಮಾಡಿಸಿ, ಹೊರಗೆ ಬಿಸಿಲಿನಲ್ಲಿ ಹಿಡಿದು ನೋಡಿ. ಶೆಡ್ಡಿನ ಟ್ಯೂಬ್‌ಲೈಟಿನಲ್ಲಿ ಹೊಳಪಿನ ಅಂದಾಜು ಸಿಗಲ್ಲ.